ಪುಟನಾ, ಕಮಿಷನ್ನಾ, ರೀಕ್ರಿಯೇಶನ್ನಾ? ಮೂರನ್ನೂ ಕೊಂಡು ನೋಡಿದ ಮೇಲೆ

ಕಾಮಿಕ್ಸ್ ಒರಿಜಿನಲ್ ಆರ್ಟ್, ಅಂದರೆ ಕಲಾವಿದರು ಕೈಯಲ್ಲೇ ಬರೆದ ಮೂಲ ಹಾಳೆಗಳ ಹುಚ್ಚು ಹತ್ತಿದವರಿಗೆಲ್ಲ ಮೊದಲು ಬರುವ ಪ್ರಶ್ನೆ ಒಂದೇ. ಇರುವ ದುಡ್ಡಿಗೆ ಅಚ್ಚಾದ ಪುಸ್ತಕದ ಒಂದು ಮೂಲ ಪುಟ ಕೊಳ್ಳುವುದಾ, ಇಷ್ಟದ ಕಲಾವಿದರ ಹತ್ತಿರ ಹೊಸದಾಗಿ ಒಂದು ಚಿತ್ರ ಬರೆಸುವುದಾ (ಕಮಿಷನ್), ಇಲ್ಲಾ ಹಳೇ ಕವರ್ ಒಂದನ್ನು ಮತ್ತೆ ಬರೆಸುವುದಾ (ರೀಕ್ರಿಯೇಶನ್)? ನಾನು ಮೂರನ್ನೂ ಮಾಡಿದ್ದೇನೆ. ಮೂರರಲ್ಲೂ ಬೇಸ್ತು ಬಿದ್ದಿದ್ದೇನೆ.

ಪುಟದಿಂದ ಶುರು ಮಾಡುತ್ತೇನೆ. ನನ್ನ ಹತ್ತಿರ ಇರುವ ಹಳೇ ಪುಟದಲ್ಲಿ ಹೀರೋನೇ ಇಲ್ಲ. ಇಬ್ಬರು ಒಂದು ಕೋಣೆಯಲ್ಲಿ ಜಗಳ ಆಡುತ್ತಾರೆ, ಕೊನೇ ಪ್ಯಾನೆಲ್‌ನಲ್ಲಿ ಒಬ್ಬ ಬೆನ್ನು ತಿರುಗಿಸಿ ಹೊರಡುತ್ತಾನೆ, ಅಷ್ಟೇ. ಅದಕ್ಕೇ ನನ್ನ ಕೈಗೆ ಎಟುಕಿದ್ದು. ಮುಸುಕು ಹಾಕಿದವರು ಎದ್ದು ಕಾಣುವ ಪುಟಗಳ ಕಥೆಯೇ ಬೇರೆ: 1984ರ ಸೀಕ್ರೆಟ್ ವಾರ್ಸ್ 8ನೇ ಸಂಚಿಕೆಯಲ್ಲಿ ಸ್ಪೈಡರ್ ಮ್ಯಾನ್‌ಗೆ ಕಪ್ಪು ಬಟ್ಟೆ ಬರುವ ಒಂದೇ ಒಂದು ಪುಟ 2022ರ ಹರಾಜಿನಲ್ಲಿ 33.6 ಲಕ್ಷ ಡಾಲರ್‌ಗೆ ಹೋಯಿತು. ಆದರೆ ನನ್ನ ಬಡ ಪುಟವನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಒಂದು ಕೈಯನ್ನು ಎರಡು ಸಲ ಬರೆದದ್ದು ಕಾಣುತ್ತದೆ. ಮೊದಲ ಕೈ ಸರಿ ಬಂದಿಲ್ಲ, ಬಿಳಿ ಬಣ್ಣ ಬಳಿದು ಮೇಲೆ ಇನ್ನೊಂದು ಬರೆದಿದ್ದಾರೆ. ಅಂಚಿನಲ್ಲಿ ಕ್ಯಾಮೆರಾಗೆ ಸಿಗದ ತಿಳಿನೀಲಿ ಪೆನ್ಸಿಲ್‌ನ ಗೀಟುಗಳು, ಅಂಟಿಸಿದ್ದ ಮಾತಿನ ಬಲೂನು ಬಿದ್ದುಹೋಗಿ ಉಳಿದ ಕಂದು ಗೋಂದಿನ ಕಲೆ, ಮೂಲೆಯಲ್ಲಿ ಯಾರದ್ದೋ ಹೆಬ್ಬೆಟ್ಟಿನ ಮಸಿ. ಪುಸ್ತಕದಲ್ಲಿ ಇದ್ಯಾವುದೂ ಇಲ್ಲ.

ಬೇಸ್ತು ಬಿದ್ದದ್ದು ಎರಡನೇ ಪುಟದಲ್ಲಿ. ಅದು ಹೊಸ ಕಾಲದ್ದು. ಪೆನ್ಸಿಲರ್, ಅಂದರೆ ಮೊದಲು ಪೆನ್ಸಿಲಿನಲ್ಲಿ ಚಿತ್ರ ಬರೆಯುವವರ ಹೆಸರು ನೋಡಿ ಆಸೆಬಿದ್ದು ಕೊಂಡೆ, ಬಂದ ಹಾಳೆಯಲ್ಲಿ ಅವರ ಕೈ ತಾಗಿಯೇ ಇರಲಿಲ್ಲ. ಈಗ ಎಷ್ಟೋ ಪುಟಗಳಲ್ಲಿ ಪೆನ್ಸಿಲರ್ ತನ್ನ ಹಾಳೆಯನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾನೆ, ಇಂಕರ್ ಅದನ್ನು ಬೇರೆ ಬೋರ್ಡಿನ ಮೇಲೆ ನೀಲಿಯಲ್ಲಿ ಪ್ರಿಂಟ್ ಹಾಕಿಕೊಂಡು ಮಸಿ ಹಾಕುತ್ತಾನೆ, ಹೀಗಾಗಿ ಒಂದೇ ಪುಟಕ್ಕೆ ಎರಡು ಒರಿಜಿನಲ್! ಮಾರುವವರು ಸುಳ್ಳೇನೂ ಹೇಳಿರಲಿಲ್ಲ, ನಾನೇ ಕೇಳಿರಲಿಲ್ಲ. ಅಕ್ಷರಗಳೂ ಕಂಪ್ಯೂಟರಿನಲ್ಲೇ ಸೇರುವುದರಿಂದ ಇಂಥ ಪುಟದಲ್ಲಿ ಬಲೂನೂ ಇರುವುದಿಲ್ಲ. ಎಲ್ಲರೂ ಸುಮ್ನೆ ಬಾಯಿ ಆಡಿಸುತ್ತಾ ನಿಂತ ಹಾಗೆ ಕಾಣುತ್ತದೆ.

ಇನ್ನು ಕಮಿಷನ್. ಇಲ್ಲಿ ತಪ್ಪೆಲ್ಲ ನಂದೇ, ಬಹುತೇಕ. ಮೊದಲ ಸಲ ಒಂದೂವರೆ ಪುಟದ ಪತ್ರ ಬರೆದೆ. ಯಾವ ಪಾತ್ರ, ಯಾವ ಕಾಲದ ಬಟ್ಟೆ, ಕಾಲು ಎಲ್ಲಿ, ನೆರಳು ಯಾವ ಕಡೆ, ಹಿಂದೆ ಎಷ್ಟು ಕಟ್ಟಡ, ಜೊತೆಗೆ ಒಂದು ರಾಶಿ ಫೋಟೋ. ಕಲಾವಿದರು ಪಾಪ, ಕೇಳಿದ್ದನ್ನೆಲ್ಲ ಹಾಕಿಕೊಟ್ಟರು. ಮದುವೆ ಫೋಟೋಗೆ ನಿಂತವರ ಹಾಗಿದೆ ಆ ಚಿತ್ರ. ಎರಡನೇ ಸಲ ಬೇರೊಬ್ಬರಿಗೆ ಪಾತ್ರದ ಹೆಸರು ಹೇಳಿ, "ಮಳೆ, ಸುಸ್ತಾಗಿದ್ದಾನೆ, ಉಳಿದದ್ದು ನಿಮ್ಮಿಷ್ಟ" ಅಂದೆ. ಅವರು ಮುಖವನ್ನೇ ತೋರಿಸಲಿಲ್ಲ! ಒದ್ದೆ ಕೇಪ್ ಹಿಂಡುತ್ತಿರುವ ಎರಡು ಕೈ, ಬಗ್ಗಿದ ಬೆನ್ನು, ಅರ್ಧ ಹಾಳೆ ಬರೀ ಕಪ್ಪು. ಅದನ್ನು ಕೇಳುವುದಕ್ಕೆ ನನಗೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ.

ಕಾಯುವ ವಿಷಯ ಮಾತ್ರ ಹೇಳಲೇಬೇಕು. ಒಬ್ಬರಿಗೆ ಪೂರ್ತಿ ಮುಂಗಡ ಕೊಟ್ಟು ಹನ್ನೊಂದು ತಿಂಗಳು ಉತ್ತರ ಇಲ್ಲದೆ ಕೂತಿದ್ದೆ, ಕೊನೆಗೆ ದುಡ್ಡು ವಾಪಸ್ ಬಂತು, ಚಿತ್ರ ಬರಲಿಲ್ಲ. ಈಗ ಸ್ವಲ್ಪ ಮುಂಗಡ, ಪೆನ್ಸಿಲ್ ಸ್ಕ್ಯಾನ್ ಕಣ್ಣಿಗೆ ಬಿದ್ದ ಮೇಲೆ ಉಳಿದದ್ದು. ಬಣ್ಣ ಬೇಕೆಂದರೆ ಏನು ಬಳಸುತ್ತಾರೆ ಅಂತಲೂ ಕೇಳಿ. ಇಂಡಿಯಾ ಇಂಕ್ ಅಂದರೆ ಇಂಗಾಲದ ಕಪ್ಪು, ಬೆಳಕಿಗೆ ಜಗ್ಗುವುದಿಲ್ಲ. ಆಲ್ಕೋಹಾಲ್ ಮಾರ್ಕರಿನ ಬಣ್ಣ ಹಾಗಲ್ಲ. ಕಿಟಕಿಯ ಎದುರು ತೂಗುಹಾಕಿದ್ದ ನನ್ನ ಒಂದು ಸ್ಕೆಚ್‌ನಲ್ಲಿ ಕೆಂಪು ಕೇಪ್ ಈಗ ತೊಳೆದು ತೊಳೆದು ಹಾಳಾದ ಗುಲಾಬಿ ಟವೆಲ್ ಆಗಿದೆ.

ರೀಕ್ರಿಯೇಶನ್ ಅಂದರೆ ನಕಲು ಅಂತ ಮೂಗು ಮುರಿಯುವವರ ಸಾಲಲ್ಲಿ ನಾನೂ ಇದ್ದೆ. ಆದರೆ ಎಷ್ಟೋ ಹಳೇ ಒರಿಜಿನಲ್‌ಗಳು ಉಳಿದೇ ಇಲ್ಲ, ಉಳಿದವು ಮಾರಾಟಕ್ಕಿಲ್ಲ. ಸ್ಪೈಡರ್ ಮ್ಯಾನ್ ಮೊದಲು ಕಾಣಿಸಿಕೊಂಡ 1962ರ ಅಮೇಜಿಂಗ್ ಫ್ಯಾಂಟಸಿ 15ರ ಒಳಪುಟಗಳು 24, ಅವನ್ನು ಯಾರೋ ಹೆಸರು ಹೇಳದೆ 2008ರಲ್ಲಿ ಅಮೆರಿಕದ ಸರ್ಕಾರಿ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟುಬಿಟ್ಟರು. ಇನ್ನು ಬರೆದವರೇ ಮತ್ತೆ ಬರೆಯುವುದೂ ಉಂಟು. ಡೊನಾಲ್ಡ್ ಡಕ್ ಕಥೆಗಳ ಕಾರ್ಲ್ ಬಾರ್ಕ್ಸ್ 1971ರಲ್ಲಿ ಡಿಸ್ನಿಯ ಒಪ್ಪಿಗೆ ಪಡೆದು ತಮ್ಮದೇ ಹಳೇ ಕವರ್‌ಗಳನ್ನು ತೈಲವರ್ಣದಲ್ಲಿ ಮತ್ತೆ ಬರೆದರು. 1976ರಲ್ಲಿ ಆ ಒಪ್ಪಿಗೆ ವಾಪಸ್ಸಾಯಿತು. ಅವನ್ನು ನಕಲು ಅಂತೀರಾ?

ನಾನು ಒಂದೇ ಕವರನ್ನು ಇಬ್ಬರ ಹತ್ತಿರ ಬರೆಸಿದೆ. ಮೊದಲನೆಯವರು ಕೆಳಗಿಂದ ಬೆಳಕು ಬರುವ ಲೈಟ್‌ಬಾಕ್ಸ್ ಮೇಲಿಟ್ಟು ಗೆರೆಗೆ ಗೆರೆ ಇಳಿಸಿದರು. ದೂರದಿಂದ ಅದ್ಭುತ. ಹತ್ತಿರ ಹೋದರೆ ಗೆರೆ ಹೆದರಿಕೊಂಡಿದೆ. ಮೂಲದವರು ಡೆಡ್‌ಲೈನ್ ಗಡಿಬಿಡಿಯಲ್ಲಿ ಒಂದೇ ಏಟಿಗೆ ಎಳೆದ ಬ್ರಷ್ ಗೆರೆಯನ್ನು ಇವರು ನಿಧಾನಕ್ಕೆ ಎಳೆದಿದ್ದಾರೆ, ಅಲ್ಲಲ್ಲಿ ಸಣ್ಣ ನಡುಕ. ಅದಕ್ಕೆ ಅಳತೆಯೂ ಕಾರಣ, ಅದು ನನ್ನ ತಪ್ಪು. ಅಮೆರಿಕದ ಕಾಮಿಕ್ಸ್ ಪುಟಗಳನ್ನು 1967ರ ಆಸುಪಾಸಿನವರೆಗೆ ಅಚ್ಚಿನ ಸುಮಾರು ಎರಡರಷ್ಟು ದೊಡ್ಡದಾಗಿ ಬರೆಯುತ್ತಿದ್ದರು, ಆಮೇಲೆ ಒಂದೂವರೆಯಷ್ಟಕ್ಕೆ ಇಳಿಯಿತು. ನನ್ನದು ಅದಕ್ಕಿಂತ ಹಿಂದಿನ ಕವರ್, ನಾನು ಈಗಿನ 11 ಗುಣಿಸು 17 ಇಂಚಿನ ಬೋರ್ಡ್ ಕೊಡಿಸಿದ್ದೆ. ತೋಳು ಬೀಸಿ ಎಳೆದದ್ದನ್ನು ಮಣಿಕಟ್ಟಿನಲ್ಲಿ ಎಳೆ ಅಂದರೆ ಹೇಗೆ? ಎರಡನೆಯವರು ಹಳೇ ಅಳತೆಯೇ ಬೇಕೆಂದರು, ಲೈಟ್‌ಬಾಕ್ಸ್ ಮುಟ್ಟಲಿಲ್ಲ. ಪಾತ್ರಗಳು ನಿಂತ ಜಾಗ ಅದೇ, ಗೆರೆ ಅವರದ್ದು. ಲೋಗೋ ಕೂಡ ಕೈಯಲ್ಲೇ ಬರೆದರು, ಒಂದು ಅಕ್ಷರ ಸ್ವಲ್ಪ ವಾಲಿದೆ. ಅದೇ ಈಗ ಗೋಡೆ ಮೇಲಿರುವುದು.

ಒಂದನ್ನೇ ಇಟ್ಟುಕೋ ಅಂದರೆ ಜಗಳದ ಪುಟ, ಯೋಚನೆಯೇ ಬೇಡ. ಎರಡನೆಯದು ಒದ್ದೆ ಕೇಪ್. ಮುಂದೆ ಮಾರುವ ಯೋಚನೆ ಇದ್ದವರಿಗೂ ಸಾಮಾನ್ಯವಾಗಿ ಅಚ್ಚಾದ ಪುಟವೇ ವಾಸಿ. ಕಮಿಷನ್ ಮೇಲೆ ನಿಮ್ಮ ಹೆಸರು ಬರೆಸಿದ್ದರೆ ಕೊಳ್ಳುವವರು ಹಿಂದೇಟು ಹಾಕುತ್ತಾರೆ, ಆದರೂ ನಾನು ಬರೆಸುತ್ತೇನೆ.

ರೀಕ್ರಿಯೇಶನ್ ತರಿಸುವವರು ಇದೊಂದು ಮಾತ್ರ ಮರೆಯಬೇಡಿ. ನನ್ನ ಮೊದಲನೆಯದರಲ್ಲಿ ಮೂಲ ಕಲಾವಿದರ ಸಹಿಯನ್ನೂ ಗೆರೆಗೆ ಗೆರೆ ಇಳಿಸಿಬಿಟ್ಟಿದ್ದರು, ಬರೆದವರ ಹೆಸರು ಎಲ್ಲೂ ಇರಲಿಲ್ಲ. ಅವರಿಗೇ ವಾಪಸ್ ಕಳಿಸಿ ಸಹಿ ಹಾಕಿಸಿಕೊಂಡೆ. ಬೋರ್ಡಿನ ಹಿಂದೆ "ಇದು ಮರುಚಿತ್ರ" ಅಂತ ಇಸವಿ ಸಮೇತ ಅವರ ಕೈಯಿಂದಲೇ ಬರೆಸಿದೆ, ಇಂಡಿಯಾ ಇಂಕ್‌ನಲ್ಲೇ.