ಫೀಸಿನ ಲೆಕ್ಕಕ್ಕೆ ರಸೀದಿ ಪುಸ್ತಕವೋ, ಎಕ್ಸೆಲ್ ಶೀಟೋ?

ಮಂಗಳೂರಿನಲ್ಲಿ ಸ್ವಂತ ಕೌನ್ಸೆಲಿಂಗ್ ಕೋಣೆ ತೆರೆಯುತ್ತಿದ್ದೀರಾ? ಫೀಸಿನ ಲೆಕ್ಕ ಇಡಲು ಎರಡು ಸುಲಭ ದಾರಿ ಇವೆ. ಕಾರ್ಬನ್ ಹಾಳೆಯ ರಸೀದಿ ಪುಸ್ತಕ, ಇಲ್ಲವೇ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಶೀಟ್.

ಪುಸ್ತಕ ಅಗ್ಗ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಆದರೆ ನಮ್ಮ ಜೂನ್, ಜುಲೈ ಗೊತ್ತಲ್ವಾ? ಕಪಾಟಿನೊಳಗಿನ ಪ್ರತಿಗೂ ಬೂಸ್ಟು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಇವತ್ತಿನವರಿಗೆ ರಸೀದಿ ಹರಿದು ಕೊಡುವಾಗ ನಿನ್ನೆ ಬಂದವರ ಹೆಸರು ಅವರ ಕಣ್ಣಿಗೆ ಬೀಳಬಹುದು. ಇಲ್ಲಿ ಯಾರನ್ನು ಕೇಳಿದರೂ ಒಂದು ನೆಂಟಸ್ತನ ಹೊರಡುತ್ತದೆ. ಗುಟ್ಟು ಕಾಯಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ.

ಶೀಟಿನಲ್ಲಿ ಹೆಸರಿನ ಬದಲು ನಂಬರ್ ಹಾಕಬಹುದು. ಹೆಸರಿನ ಪಟ್ಟಿ ಬೇರೆ ಫೈಲಿನಲ್ಲಿ, ಪಾಸ್‌ವರ್ಡ್ ಹಾಕಿ ಇಡಿ. ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ನಂಬರ್ ಬರೆದಿಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವುದು ಸಲೀಸು. ಬ್ಯಾಕಪ್ ಮರೆತರೆ ಮಾತ್ರ ಕಥೆ ಮುಗಿಯಿತು.

ಯಾವುದೇ ಆರಿಸಿ, 5,000 ರೂಪಾಯಿ ದಾಟಿದ ನಗದಿಗೆ ಕೊಡುವ ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಬೇಕು.

ನನ್ನ ಓಟು ಶೀಟಿಗೆ. ವಾರಕ್ಕೆ ನಾಲ್ಕೈದು ಮಂದಿ, ಅದೂ ನಗದೇ ಜಾಸ್ತಿ ಅಂದರೆ ಸುಮ್ನೆ ಪುಸ್ತಕ ತೆಗೆದುಕೊಳ್ಳಿ. ಹಳೆ ಪ್ರತಿಗಳ ಮೇಲೆ ಒಂದು ರಟ್ಟು ಮುಚ್ಚಿಡಿ.