ಸ್ಟೋರೇಜ್ ಸ್ಲೋ ಇದೆಯಾ? ಡಿಸ್ಕ್ ಬದಲಿಸುವ ಮೊದಲು ಗೋಡೆಯ ಡಬ್ಬಿ ಬಿಚ್ಚಿಸಿ

ಕಲಬುರಗಿಯಲ್ಲಿ ಅಂಗಡಿ, ಆಫೀಸಿಗೆ ನೆಟ್‌ವರ್ಕ್ ಹಾಕಿಸುವವರು ಇದನ್ನು ಓದಿ. ನಮಗೆ ಹಾಕಿಕೊಟ್ಟವರ ಹೆಸರು ಬರೆಯುವುದಿಲ್ಲ, ಅವರು ಮಾಡಿದ ಕೆಲಸ ಮಾತ್ರ ಹೇಳುತ್ತೇನೆ.

ನಮ್ಮದು ಮದುವೆ ಫೋಟೊ ಸ್ಟುಡಿಯೊ. ಎಲ್ಲ ಸಿಸ್ಟಮ್‌ಗೂ ಫೈಲ್ ಒಂದೇ ಕಡೆ ಸಿಗಲಿ ಅಂತ ನಾಸ್ ಬಾಕ್ಸ್, ಅಂದರೆ ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್‌ಗಳ ಪೆಟ್ಟಿಗೆ, ಹಾಕಿಸಿದೆವು. ಬಾಕ್ಸ್ ಗಿಗಾಬಿಟ್ (1000 ಎಂಬಿಪಿಎಸ್), ಕೇಬಲ್‌ಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಕೂಡ ಗಿಗಾಬಿಟ್. ಕಾಪಿ ಸ್ಪೀಡ್ ಮಾತ್ರ ಸೆಕೆಂಡಿಗೆ 11 ಎಂಬಿ. ಒಬ್ಬರೇ ಕೂತರೂ 11, ಇಬ್ಬರು ಕೂತರೆ ಅದರಲ್ಲೇ ಪಾಲು. 50 ಜಿಬಿ ಫೋಲ್ಡರ್‌ಗೆ ಒಂದೂಕಾಲು ಗಂಟೆ! ನಡುವೆ ಡ್ರೈವ್ ಕಟ್ ಆಗುವುದು ಬೇರೆ. ಎದುರಿಗೆ ಮದುಮಗಳ ಅಪ್ಪ ಆಲ್ಬಮ್ ಕೇಳುತ್ತಾ ಕೂತಿದ್ದಾರೆ, ನಾನು ಹಸಿರು ಗೆರೆ ನೋಡುತ್ತಾ ಕೂತಿದ್ದೇನೆ. ಎಂಥ ಅವಮಾನ!

ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ ಉತ್ತರ ಕೇಳಿ. "ಬಿಸಿಲು ಭಾಳ ಅದರಿ ಸರ್, ಬಾಕ್ಸ್ ಕಾಯ್ತದ." ಏಸಿ ರೂಮಿಗೆ ಇಟ್ಟೆವು. "ನಿಮ್ಮ ವಿಂಡೋಸ್ ಖರಾಬ್ ಆಗ್ಯದ್ರಿ." ಅದಕ್ಕೂ ದುಡ್ಡು. "ಡಿಸ್ಕ್ ವೀಕ್ ಆಗ್ಯಾವ್ರಿ." ಹೊಸ ಡಿಸ್ಕ್ ಬಂದವು. ಸ್ಪೀಡ್? ಅದೇ 11!

ಬೀದರ್‌ನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ರಜೆಗೆ ಬಂದಿದ್ದ. "ಮಾಮಾ, ಯಾವಾಗ್ಲೂ 11ಕ್ಕೇ ನಿಲ್ತದ ಅಂದ್ರ ಲೈನ್ 100 ಎಂಬಿಪಿಎಸ್‌ಗೆ ಬಿದ್ದದ" ಅಂದ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್, 8 ಬಿಟ್ ಸೇರಿದರೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ 12.5 ಎಂಬಿ, ಚೂರುಪಾರು ಕಳೆದರೆ 11. ನಾಸ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ (ಲೈನ್ ಎಷ್ಟು ಎಂಬಿಪಿಎಸ್‌ಗೆ ಕೂಡಿದೆ ಅನ್ನುವುದು) ನೋಡಿದರೆ ಹೌದು, 1000 ಇರಬೇಕಾದಲ್ಲಿ 100. ನೆಟ್‌ವರ್ಕ್ ಕೇಬಲ್ ಬಂದು ಸೇರುವ ಗೋಡೆಯ ಡಬ್ಬಿ ಬಿಚ್ಚಿದ. ನನ್ನ ಮೈಯೆಲ್ಲ ಉರಿಯಿತು. ಇದ್ದದ್ದು ಒಂದೇ ಕೇಬಲ್! ಅದರ 8 ತಂತಿಗಳಲ್ಲಿ 4 ನಾಸ್‌ಗೆ, 4 ಪಕ್ಕದ ಸಿಸ್ಟಮ್‌ಗೆ. ಗಿಗಾಬಿಟ್‌ಗೆ ಎಂಟೂ ಬೇಕು. ಬಿಲ್ಲಿನಲ್ಲಿ ಎರಡು ಕೇಬಲ್‌ಗೆ ದುಡ್ಡು ತಗೊಂಡಿದ್ದಾರೆ. ತಂತಿ ಕೆರೆದರೆ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಬಾಗಿದ ಕಡೆ ಒಂದು ತಂತಿ ಮುರಿಯುವಂತಾಗಿತ್ತು. ಕಟ್ ಆಗದೆ ಇನ್ನೇನು?

ಕೇಳಿದರೆ, "ಇಂಟರ್ನೆಟ್ ನಡೀತದಲ್ರಿ ಸರ್, ಮತ್ತೇನ್ ಬೇಕು? ಎಲ್ಲಾ ಕಡಿ ಹಿಂಗೇ ಹಾಕ್ತೇವ್ರಿ." ಎಲ್ಲಾ ಕಡೆ ಹೀಗೇ ಅಂತೆ! ನಾಚಿಕೆಯೂ ಇಲ್ಲ.

ಈಗ ಪೂರ್ತಿ ತಾಮ್ರದ ಕೇಬಲ್, ಎಂಟೂ ತಂತಿ. ಸ್ಪೀಡ್ 110, ಕಟ್ ಇಲ್ಲ. ನೀವು ಲ್ಯಾಪ್‌ಟಾಪನ್ನು ಒಳ್ಳೆ ಕೇಬಲ್‌ನಿಂದ ನೇರ ಬಾಕ್ಸಿಗೇ ಹಾಕಿ ನೋಡಿ. ಆಗ ಓಡಿದರೆ ತಪ್ಪು ಡಿಸ್ಕಿನದಲ್ಲ. ಪ್ರತಿ ಪಾಯಿಂಟಿನಲ್ಲೂ ಲಿಂಕ್ ಸ್ಪೀಡ್ 1000 ಅಂತ ತೋರಿಸುವ ತನಕ ಸುಮ್ನೆ ಬಾಕಿ ದುಡ್ಡು ಕೊಡಬೇಡಿ.

ಚೆನ್ನಾಗಿದ್ದ ಹಳೇ ಡಿಸ್ಕ್‌ಗಳನ್ನು "ವೇಸ್ಟ್ ಅವ್ರಿ" ಅಂತ ಅವರೇ ಒಯ್ದಿದ್ದರು. ಅವುಗಳಲ್ಲಿ ಊರ ಜನರ ಮದುವೆ ಫೋಟೊಗಳಿವೆ. ವಾಪಸ್ ಕೇಳಿದಾಗಿನಿಂದ ಫೋನ್ ಎತ್ತುತ್ತಿಲ್ಲ.