ಮ್ಯಾಗ್‌ಪುಲ್ ಹಂಟರ್ 700 ಸ್ಟಾಕ್: ಮೊದಲ ಬದಲಾವಣೆಗೆ ಒಳ್ಳೆಯ ಆಯ್ಕೆ

ರೆಮಿಂಗ್ಟನ್ 700 ರೈಫಲ್‌ನ ಶಾರ್ಟ್ ಆಕ್ಷನ್‌ಗೆ (ಚಿಕ್ಕ ಕಾಡತೂಸಿನ ಮಾದರಿಯ ಯಂತ್ರಭಾಗ) ಕೂರುವ ಈ ಸ್ಟಾಕ್‌ನ (ಭುಜಕ್ಕೆ ಒರಗಿಸುವ ಹಿಡಿಭಾಗ) ನಿಜವಾದ ಬಲ ಒಳಗಿರುವ ಅಲ್ಯೂಮಿನಿಯಂ ಬೆಡ್ಡಿಂಗ್ ಬ್ಲಾಕ್, ಅಂದರೆ ಆಕ್ಷನ್ ಗಟ್ಟಿಯಾಗಿ ಕೂರುವ ಲೋಹದ ತಳ. ತೆಳು ಪ್ಲಾಸ್ಟಿಕ್ ಸ್ಟಾಕ್ ಬೈಪಾಡ್ (ಎರಡು ಕಾಲಿನ ಆಸರೆ) ಮೇಲೆ ಭಾರ ಬಿದ್ದಾಗ ಬಾಗಿ ಬ್ಯಾರೆಲ್‌ಗೆ ತಾಗುತ್ತದೆ, ಗುಂಡು ಬೀಳುವ ಜಾಗ ಸರಿಯುತ್ತದೆ. ಇಲ್ಲಿ ಆ ಕಾಟವಿಲ್ಲ. ಸ್ಪೇಸರ್ ಹಾಕಿ ಟ್ರಿಗರ್‌ನಿಂದ ಬಟ್ (ಸ್ಟಾಕ್‌ನ ಹಿಂತುದಿ) ವರೆಗಿನ ಉದ್ದವನ್ನು 13ರಿಂದ 15 ಇಂಚಿನವರೆಗೆ ಹೊಂದಿಸಬಹುದು.

ಜೋಡಿಸುವಾಗ ಅವಸರ ಬೇಡ. ಚೇಂಬರ್ (ಗುಂಡು ಕೂರುವ ಗೂಡು) ಖಾಲಿಯಿದೆಯೇ ನೋಡಿ, ಬೋಲ್ಟ್ ತೆಗೆದಿಡಿ. ಬಟ್ ನೆಲಕ್ಕೂರಿ ರೈಫಲನ್ನು ನೆಟ್ಟಗೆ ನಿಲ್ಲಿಸಿದರೆ ರಿಕಾಯಿಲ್ ಲಗ್ (ಹಿಮ್ಮೆಟ್ಟಿನ ಒತ್ತಡವನ್ನು ಸ್ಟಾಕ್‌ಗೆ ದಾಟಿಸುವ ಗುಬುಟು) ಹಿಂದಕ್ಕೆ ಒತ್ತಿ ಕೂರುತ್ತದೆ. ಆಮೇಲೆ ಆಕ್ಷನನ್ನು ಸ್ಟಾಕ್‌ಗೆ ಹಿಡಿದಿಡುವ ಎರಡೂ ಸ್ಕ್ರೂಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ 65 ಇಂಚು-ಪೌಂಡ್‌ಗೆ ತನ್ನಿ. ಟಾರ್ಕ್ ರೆಂಚ್ ಬೇಕೇ ಬೇಕು, ಕೈಯಂದಾಜು ನಂಬಬೇಡಿ. ಬೋಲ್ಟ್ ಮುಚ್ಚುವಾಗ ಹೊಸದಾಗಿ ಬಿಗಿ ಹಿಡಿದರೆ, ಮುಂದಿನ ಸ್ಕ್ರೂ ಉದ್ದವಾಗಿ ಬೋಲ್ಟ್ ಲಗ್‌ಗೆ ತಾಗುತ್ತಿದೆಯೇ ನೋಡಿ. ಕಳಚುವ ಮ್ಯಾಗಜೀನ್ ಬೇಕಿದ್ದರೆ ಮ್ಯಾಗ್‌ವೆಲ್ (ಮ್ಯಾಗಜೀನ್ ಕೂರುವ ಚೌಕಟ್ಟು) ಬೇರೆಯಾಗಿಯೇ ಕೊಳ್ಳಬೇಕು, ಅದೊಂದು ಕೊರತೆ.